ಪಾರಸಿಕ ಸುರಂಗದ ಲೆಕ್ಕ

ಒಂದು ರಬ್ಬರ್ ಬ್ಯಾಂಡು, ಎರಡು ಫೋನು.
ಎಡಗಡೆಯದರಲ್ಲಿ ಹಳೇ ರೀತಿ, ಬಲಗಡೆ ಹೊಸದು.
ಅದೇ ಪುಟ, ಅದೇ ನಲವತ್ತು ಚಿತ್ರ,
ಅದೇ ಕಂಪನಿಯ ಸಿಮ್ಮು, ಅದೇ ಬೆವರಿದ ಅಂಗೈ.
ಅಂಬರನಾಥದಿಂದ ಏಳು ಐವತ್ತೊಂದರ ಫಾಸ್ಟ್ ಲೋಕಲ್ಲು,
ಹೆಂಗಸರ ಡಬ್ಬಿ:
ಈ ತಿಂಗಳು ಇದೇ ನನ್ನ ಪ್ರಯೋಗಶಾಲೆ.

ಆಫೀಸಿನ ಗಾಜಿನ ಕೋಣೆಯಲ್ಲಿ ಎರಡೂ ಒಂದೇ ಓಟ.
ನೆಟ್ಟಗಿನ ದಾರಿಯಲ್ಲಿ ಎಲ್ಲ ಎತ್ತೂ ಬಸವಣ್ಣನೇ.
ಡೊಂಬಿವಲಿ ಒಳನುಗ್ಗಿದ ಮೇಲೆ ತಿಳಿಯುತ್ತದೆ
ಯಾವುದರ ಕಾಲು ಗಟ್ಟಿ ಎಂದು.

ಹಳೆಯದು ಸಾಲು ಮುರಿಯದ ಮರ್ಯಾದಸ್ಥ.
ಏಳನೇ ತುಣುಕು ದಾರಿಯಲ್ಲಿ ಬಿತ್ತೆನ್ನಿ,
ಎಂಟು, ಒಂಬತ್ತು, ಹತ್ತು ಬಂದು ನಿಂತರೂ
ಕದ ತೆಗೆಯುವುದಿಲ್ಲ. ಏಳು ಬರಲಿ, ಅನ್ನುತ್ತದೆ.
ಪಂಕ್ತಿಯಲ್ಲಿ ಉಪ್ಪು ಬಡಿಸುವವ ಕಾಣೆಯಾದನೆಂದು
ಅನ್ನ, ಸಾರು, ಪಾಯಸ
ಅಡಿಗೆಮನೆ ಬಾಗಿಲಲ್ಲೇ ಆರಿದ ಹಾಗೆ.

ಹೊಸದಕ್ಕೆ ಆ ಹಠವಿಲ್ಲ.
ಚಿತ್ರಕ್ಕೊಂದು ಸಾಲು. ಕಳೆದುಕೊಂಡ ಸಾಲಿನವರು ಕಾಯಲಿ,
ಉಳಿದವರು ಉಣ್ಣಲಿ.

ಸುರಂಗ.
ಸಿಗ್ನಲ್ಲಿನ ಕಡ್ಡಿ ಒಂದೊಂದಾಗಿ ಆರಿ
ಕಿವಿಯ ತುಂಬ ಕಬ್ಬಿಣ.
ಕಳವಾದ ಬೆಳಕಿಗೆ ಬಂದು ನೋಡಿದರೆ
ಬಲಗಡೆ ಮೂವತ್ತನಾಲ್ಕು ಚಿತ್ರ,
ಎಡಗಡೆ ಇನ್ನೂ ಆರು.

ಹತ್ತು ದಿನ ನೋಟುಬುಕ್ಕಿನಲ್ಲಿ ಇದೇ ಬರೆದೆ.
ಹೊಸದು ಗೆದ್ದಿತು. ಹೊಸದು ಗೆದ್ದಿತು.

ಹನ್ನೊಂದನೇ ದಿನ ಪಾಲೇಕರ್ ಸಾಹೇಬರು,
'ಗಿರಾಕಿಗಳೆಲ್ಲ ಪ್ರಾಕ್ಸಿಯ ಹಿಂದೆ ಕೂತವರು,
ನಡುವೆ ಒಂದನ್ನಿಟ್ಟು ಅಳೆ' ಅಂದರು.
ಇಟ್ಟೆ.
ಎಡಗಡೆ ಒಂಬತ್ತು ಸೆಕೆಂಡು, ಬಲಗಡೆ ಹದಿನಾಲ್ಕು.
ಫೋನು ಅದಲುಬದಲಾಯಿತೇನೋ ಎಂದು
ರಬ್ಬರ್ ಬ್ಯಾಂಡು ಬಿಚ್ಚಿ, ತಿರುವಿ, ಮತ್ತೆ ಕಟ್ಟಿದೆ.
ಅಷ್ಟೇ. ಹಳೆಯದೇ ಮುಂದೆ.

ಆಗ ಬಾಗಿಲ ಬಳಿ ಮುನೀರಾ ಕೂಗಿದಳು: ಇಪ್ಪತ್ತಕ್ಕೊಂದು ಕ್ಲಿಪ್ಪು!
ಹಸಿರು ಚಿಟ್ಟೆಯೊಂದು ಕೈಯಿಂದ ಕೈಗೆ, ತಲೆಗಳ ಮೇಲೆ
ಕಿಟಕಿಯ ಹುಡುಗಿಯನ್ನು ಸೇರಿತು.
ಹಿಂದಿರುಗುವಾಗ ನೋಟು ಯಾರದೋ ಬೆರಳು ತಪ್ಪಿ
ಕಾಲ್ಗಳ ಕಾಡಿನಲ್ಲಿ ಮಾಯ.
ನಡುವೆ ನಿಂತಿದ್ದ ಇಂದುಮತಿ ಗಾವಕರ
ಕಿಟಕಿಯವರೆಗೆ ಕೂಗಲಿಲ್ಲ, ಬಗ್ಗಿ ಹುಡುಕಲಿಲ್ಲ,
ಕುಪ್ಪಸದ ಪರ್ಸಿನಿಂದ ತನ್ನದೇ ಇಪ್ಪತ್ತು ತೆಗೆದು
'ಬಂತು, ತಗೋ' ಅಂದಳು.
ಮುನೀರಾ ಠಾಣೆಯಲ್ಲಿ ಇಳಿದಳು, ವ್ಯಾಪಾರ ಮುಗಿದಿತ್ತು.

ಹೌದಲ್ಲ!
ಹಳೆಯದು ಬಿಚ್ಚಿದ ಪೋಸ್ಟ್‌ಕಾರ್ಡು.
ನಡುವಿನವಳು ಓದಿಕೊಳ್ಳುತ್ತಾಳೆ, ನಕಲು ಇಟ್ಟುಕೊಳ್ಳುತ್ತಾಳೆ,
ಬಿದ್ದರೆ ಪಕ್ಕದಿಂದಲೇ ಇನ್ನೊಂದು ಕೊಡುತ್ತಾಳೆ.
ಹೊಸದು ಅರಗು ಹಾಕಿದ ಲಕೋಟೆ.
ದಾಟಿಸಬಹುದು, ಅಷ್ಟೇ. ಬಿದ್ದರೆ
ಬರೆದವನ ಮನೆತನಕ ಹೋಗಿ ಮತ್ತೆ ಕೇಳಬೇಕು.
ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ.
ಇಲ್ಲಿ ದೇವರ ವರ ಸುರಂಗದಲ್ಲಿ ಬಿದ್ದುಹೋದಾಗ
ಪೂಜಾರಿ ತನ್ನ ಜೇಬಿನಿಂದ ಕೊಟ್ಟ.

ಕೆಲವು ಪೂಜಾರಿಗಳು ಹೊಸದನ್ನು ಹೊಸಿಲೇ ದಾಟಿಸರು,
ಪಾಪ, ಅದು ಹಳೆಯ ಸೀರೆ ಉಟ್ಟು
ಇನ್ನೊಂದು ಬಾಗಿಲಿಗೆ ಬರುತ್ತದೆ.
ಅದಕ್ಕೂ ಎರಡು ಸೆಕೆಂಡು. ಬರೆದುಕೊಂಡಿದ್ದೇನೆ.

ಪಾಲೇಕರರಿಗೆ ಉತ್ತರ ಒಂದೇ ಸಾಲಿನಲ್ಲಿ ಬೇಕು.
ನನ್ನ ರಕ್ತಪರೀಕ್ಷೆಯ ಚೀಟಿಯನ್ನು
ಇಂದುಮತಿಯ ಕೈಗೆ ಬಿಚ್ಚಿ ಕೊಟ್ಟೇನೆ?
ಕ್ಲಿಪ್ಪಿನ ದುಡ್ಡನ್ನು ಯಾಕೆ ಅರಗಿನಲ್ಲಿ ಮುಚ್ಚಲಿ?
ಇದು ಎರಡು ಸಾಲಾಯಿತು.

ಮಸ್ಜಿದ್ ದಾಟಿ ಡಬ್ಬಿ ತೆರವಾದಾಗ
ನನ್ನ ಚಪ್ಪಲಿಗೆ ಏನೋ ಅಂಟಿತ್ತು:
ಒದ್ದೆ, ಮಡಿಕೆ, ಇಪ್ಪತ್ತು ರೂಪಾಯಿ.
ಇಂದುಮತಿ ದಾದರಿನಲ್ಲೇ ಇಳಿದಿದ್ದಳು.
ಬದಲಿ ಬಂದ ಮೇಲೆ ತಡವಾಗಿ ಬರುವ ತುಣುಕನ್ನು
ಎರಡೂ ರೀತಿ ಸದ್ದಿಲ್ಲದೆ ಬಿಸಾಡುತ್ತವೆ.
ನಾನು ನೋಟುಬುಕ್ಕಿನ ನಡುವೆ ಇಟ್ಟೆ,
ನಾಳೆಯ ಏಳು ಐವತ್ತೊಂದಕ್ಕೆ.